ನಿಂತ ಸೆಪರೇಟರೋ, ಮಲಗಿದ್ದೋ? ತೈಲ ಬಾವಿಗೆ ವೆಸೆಲ್ ಆರಿಸುವ ಬಗೆ

ಗುಜರಾತಿನ ಮೆಹ್ಸಾಣಾದಲ್ಲೋ, ಅಸ್ಸಾಮಿನ ದುಲಿಯಾಜಾನಿನಲ್ಲೋ, ಕುವೈತಿನಲ್ಲೋ ಹೊಸದಾಗಿ ಕೆಲಸಕ್ಕೆ ಸೇರಿದ ನಮ್ಮ ಕಡೆಯ ಹುಡುಗ ಹುಡುಗಿಯರು ಫೋನ್ ಮಾಡಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸರ್, ಮೂರು ಡ್ರಾಯಿಂಗ್ ಬಂದಿವೆ. ಒಂದು ನಿಂತ ಸೆಪರೇಟರ್, ಒಂದು ಮಲಗಿದ್ದು, ಇನ್ನೊಂದೂ ಮಲಗಿದ್ದೇ, ಆದ್ರೆ ತ್ರೀ ಫೇಸ್. ರೇಟಿನಲ್ಲಿ ಅಂಥ ವ್ಯತ್ಯಾಸ ಕಾಣ್ತಿಲ್ಲ. ಯಾವುದಕ್ಕೆ ಹೂಂ ಅನ್ನಲಿ?"

ಸೆಪರೇಟರ್ ಅಂದರೆ ಬಾವಿಯಿಂದ ಬಂದ ದ್ರವವನ್ನೂ ಗ್ಯಾಸನ್ನೂ ಬೇರೆ ಮಾಡುವ ದೊಡ್ಡ ಪಾತ್ರೆ, ನಮ್ಮ ಮಾತಿನಲ್ಲಿ ವೆಸೆಲ್; ತ್ರೀ ಫೇಸ್ ಆದರೆ ನೀರನ್ನೂ ಬೇರೆ ಮಾಡುತ್ತದೆ. ನಾನು ತಿರುಗಿ ಕೇಳುವುದೂ ಒಂದೇ. "ಆ ಬಾವಿಗಳಲ್ಲಿ ಹತ್ತು ವರ್ಷ ಆದಮೇಲೆ ನೀರು ಎಷ್ಟು ಬರುತ್ತೆ?" ಬಹಳ ಸಲ ಆ ಕಡೆಯಿಂದ ಮಾತೇ ಇರುವುದಿಲ್ಲ. ಡ್ರಾಯಿಂಗ್ ಕೈಗೆ ಬಂದಿರುತ್ತದೆ, ನೀರಿನ ಲೆಕ್ಕ ಬಂದಿರುವುದಿಲ್ಲ. ಫೋನಿನಲ್ಲಿ ತುಂಡುತುಂಡಾಗಿ ಹೇಳುತ್ತಾ ಬಂದದ್ದನ್ನು ಇಲ್ಲಿ ಒಂದು ಕಡೆ ಬರೆದಿದ್ದೇನೆ.

ಬಾವಿಯಿಂದ ಟ್ಯಾಂಕಿನವರೆಗೆ

ಬಾವಿಯಿಂದ ಎಣ್ಣೆ ಬರುತ್ತದೆ ಅಂತ ಹೊರಗಿನವರು ಅಂದುಕೊಂಡಿರುತ್ತಾರೆ. ನಿಜಕ್ಕೂ ಬರುವುದು ಎಣ್ಣೆ, ಗ್ಯಾಸು, ಉಪ್ಪುನೀರು, ಜೊತೆಗೆ ಒಂದಿಷ್ಟು ಮರಳು, ಮೇಣ, ಎಲ್ಲ ಕಲಸಿದ ರಾಡಿ. ಹಲವು ಬಾವಿಗಳ ಫ್ಲೋಲೈನುಗಳು, ಅಂದರೆ ಪೈಪುಗಳು, ಬಂದು ಸೇರುವ ಜಾಗಕ್ಕೆ ಒಎನ್‌ಜಿಸಿಯವರು ಜಿಜಿಎಸ್ ಅನ್ನುತ್ತಾರೆ, ಗ್ರೂಪ್ ಗ್ಯಾದರಿಂಗ್ ಸ್ಟೇಷನ್. ಲೈನುಗಳೆಲ್ಲ ಮೊದಲು ಮ್ಯಾನಿಫೋಲ್ಡಿಗೆ ಬರುತ್ತವೆ. ಅಲ್ಲಿ ಎರಡು ಹೆಡರ್, ಅಂದರೆ ಲೈನುಗಳು ಕೂಡುವ ದೊಡ್ಡ ಪೈಪು. ಎಲ್ಲ ಬಾವಿಗಳೂ ಒಟ್ಟಿಗೆ ಹೋಗುವುದು ಗ್ರೂಪ್ ಹೆಡರ್. ಒಂದೇ ಬಾವಿಯನ್ನು ಬೇರೆ ಮಾಡಿ, ಅದು ದಿನಕ್ಕೆ ಎಷ್ಟು ಕೊಡುತ್ತದೆ ಅಂತ ಅಳೆಯುವುದು ಟೆಸ್ಟ್ ಹೆಡರ್. ಅಲ್ಲಿಂದ ಸೆಪರೇಟರ್. ಗ್ಯಾಸು ಮೇಲಿನಿಂದ, ಉಳಿದ ಹನಿ ತೆಗೆಯುವ ಸ್ಕ್ರಬ್ಬರಿಗೆ, ಆಮೇಲೆ ಕಂಪ್ರೆಸರಿಗೆ ಹೋಗುತ್ತದೆ. ದ್ರವ ಕೆಳಗಿನಿಂದ, ಎಣ್ಣೆ ಕಾಯಿಸಿ ಉಳಿದ ನೀರು ತೆಗೆಯುವ ಹೀಟರ್ ಟ್ರೀಟರಿಗೆ, ಆಮೇಲೆ ಟ್ಯಾಂಕಿಗೆ.

ಮಂಗಳೂರಿನ ಎಂಆರ್‌ಪಿಎಲ್‌ಗೆ ಹಡಗಿನಲ್ಲಿ ಬರುವ ಕಚ್ಚಾ ತೈಲವಾಗಲಿ, ಉಡುಪಿ ಹತ್ತಿರ ಪಾದೂರಿನಲ್ಲಿ ಬಂಡೆ ಕೊರೆದು ಮಾಡಿದ 25 ಲಕ್ಷ ಟನ್ ಹಿಡಿಸುವ ಗುಹೆಗಳಿಗೆ ಬಂದು ಬೀಳುವುದಾಗಲಿ, ಎಲ್ಲವೂ ಎಲ್ಲೋ ದೂರದ ಮರಳುಗಾಡಿನಲ್ಲೋ ಸಮುದ್ರದ ಮೇಲೋ ಇಂಥ ಒಂದು ಪಾತ್ರೆಯಲ್ಲಿ ಕೆಲವು ನಿಮಿಷ ನಿಂತು ಬಂದದ್ದೇ. ಆ ಕೆಲವು ನಿಮಿಷ ಸರಿಯಾಗಿ ಸಿಗುತ್ತದೋ ಇಲ್ಲವೋ ಅನ್ನುವುದೇ ಇಡೀ ಆಯ್ಕೆಯ ತಿರುಳು.

ಡ್ರಾಯಿಂಗ್ ಬಿಚ್ಚುವ ಮೊದಲು

ಒಂದು ಬಿಳಿ ಹಾಳೆಯಲ್ಲಿ ಕೆಲವು ಸಂಗತಿ ಬರೆದುಕೊಳ್ಳಿ. ಒಂದು ಘನ ಮೀಟರ್ ಎಣ್ಣೆಗೆ ಎಷ್ಟು ಗ್ಯಾಸು ಬರುತ್ತದೆ, ಅಂದರೆ ಜಿಓಆರ್. ನೀರಿನ ಪಾಲು ಇವತ್ತೆಷ್ಟು, ಐದು ವರ್ಷಕ್ಕೆ, ಹತ್ತು ವರ್ಷಕ್ಕೆ ಎಷ್ಟು. ಎಣ್ಣೆ ಎಷ್ಟು ಹಗುರ, ಸ್ಟೇಷನ್ನಿಗೆ ಬರುವಾಗ ಎಷ್ಟು ಬಿಸಿ. ನೊರೆ ಕಟ್ಟುತ್ತದಾ, ಮರಳು ತರುತ್ತದಾ, ಮೇಣ ಹೆಪ್ಪುಗಟ್ಟುತ್ತದಾ. ಹರಿವು ಒಂದೇ ಸಮನೆ ಬರುತ್ತದೋ, ಬಿಟ್ಟು ಬಿಟ್ಟು ಗುಟುಕು ಗುಟುಕಾಗಿ ಬರುತ್ತದೋ. ಈ ಗುಟುಕಿಗೆ ನಾವು ಸ್ಲಗ್ ಅನ್ನುತ್ತೇವೆ. ಗ್ಯಾಸು ಒಳಗೆ ಬಿಟ್ಟು ಎಣ್ಣೆ ಮೇಲೆತ್ತುವ, ಅಂದರೆ ಗ್ಯಾಸ್ ಲಿಫ್ಟ್ ಇರುವ ಬಾವಿಗಳಲ್ಲಿ, ಗುಡ್ಡ ಹತ್ತಿ ಇಳಿಯುವ ಉದ್ದ ಫ್ಲೋಲೈನುಗಳಲ್ಲಿ ಇದು ಜಾಸ್ತಿ.

ಇವೆಲ್ಲ ಬಾವಿಯ ಗುಣ. ಇನ್ನು ನಿಮ್ಮ ಕಡೆಯದ್ದು: ಜಾಗ ಎಷ್ಟಿದೆ, ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರುತ್ತಾರೆ, ದುಡ್ಡು ಎಷ್ಟು. ದುಡ್ಡು ಅಂದಾಗ ಖರೀದಿ ಬೆಲೆ ಮಾತ್ರ ನೋಡಬೇಡಿ. ರಾಸಾಯನಿಕ, ಇಂಧನ, ಸ್ವಚ್ಛ ಮಾಡಲು ವೆಸೆಲ್ ನಿಲ್ಲಿಸಿದ ದಿನಗಳ ನಷ್ಟ, ಇವನ್ನೂ ಕೂಡಿಸಿ.

ನಿಂತದ್ದು

ನಿಂತ ಸೆಪರೇಟರಿನ ದೊಡ್ಡ ಗುಣ, ಅದು ಜಾಗ ಕೇಳುವುದಿಲ್ಲ. ಎರಡನೆಯದು ಮರಳು. ಮರಳು ತಾನಾಗಿ ಕೆಳಗೆ ಬಂದು ಕೂರುತ್ತದೆ, ಅಡಿಯನ್ನು ಆಲಿಕೆಯ ಹಾಗೆ ಮಾಡಿಸಿದರೆ ಒಂದು ಡ್ರೈನಿನಲ್ಲೇ ಹೊರಗೆ ಹೋಗುತ್ತದೆ. ಮೂರನೆಯದು ಲೆವೆಲ್. ಎತ್ತರ ಇರುವುದರಿಂದ ಸ್ಲಗ್ ಬಂದು ದ್ರವ ಅರ್ಧ ಮೀಟರ್ ಏರಿದರೂ ಗ್ಯಾಸಿನ ಬಾಯಿ ಇನ್ನೂ ದೂರವೇ ಇರುತ್ತದೆ. ಆಪರೇಟರಿಗೆ ಉಸಿರಾಡಲು ಸಮಯ ಸಿಗುತ್ತದೆ.

ತೊಂದರೆ ಗ್ಯಾಸಿನ ಕಡೆಯದ್ದು. ಗ್ಯಾಸು ಮೇಲೆ ಹೋಗಬೇಕು, ಅದರೊಳಗಿನ ಎಣ್ಣೆಯ ಹನಿ ಕೆಳಗೆ ಬೀಳಬೇಕು. ಇಬ್ಬರೂ ಒಂದೇ ಮೆಟ್ಟಿಲಿನಲ್ಲಿ ಎದುರುಬದುರಾದ ಹಾಗೆ. ಗ್ಯಾಸಿನ ವೇಗ ಹನಿ ಬೀಳುವ ವೇಗಕ್ಕಿಂತ ಜಾಸ್ತಿಯಾದರೆ ಹನಿಯನ್ನೂ ಎಳೆದುಕೊಂಡೇ ಹೋಗುತ್ತದೆ. ವೇಗ ತಗ್ಗಿಸಬೇಕಾದರೆ ವ್ಯಾಸ ಹೆಚ್ಚಿಸಬೇಕು, ವ್ಯಾಸ ಹೆಚ್ಚಿದರೆ ಅದೇ ಒತ್ತಡಕ್ಕೆ ತಗಡಿನ ದಪ್ಪವೂ ಹೆಚ್ಚು, ತೂಕವೂ ಹೆಚ್ಚು. ಎತ್ತರದ ತುದಿಯಲ್ಲಿ ಸೇಫ್ಟಿ ವಾಲ್ವ್ ಇರುತ್ತದೆ. ಅದನ್ನು ಬಿಚ್ಚಿ ಪರೀಕ್ಷೆಗೆ ಕಳಿಸುವ ದಿನ ಏಣಿ, ಅಟ್ಟಣಿಗೆ, ಕ್ರೇನು ಎಲ್ಲ ಬೇಕು. ಅಸ್ಸಾಮಿನಂಥ ಭೂಕಂಪದ ಅಪಾಯ ಹೆಚ್ಚಿರುವ ಕಡೆ ಎತ್ತರದ ವೆಸೆಲ್ಲಿಗೆ ಅಡಿಪಾಯದ ಖರ್ಚೂ ಸೇರುತ್ತದೆ. ಕೊಟೇಶನ್ನಿನಲ್ಲಿ ಇದು ಕಾಣುವುದಿಲ್ಲ, ಸಿವಿಲ್ ಬಿಲ್ಲಿನಲ್ಲಿ ಕಾಣುತ್ತದೆ.

ಮಲಗಿದ್ದು

ಮಲಗಿದ ಸೆಪರೇಟರಿನಲ್ಲಿ ಗ್ಯಾಸು ಅಡ್ಡಲಾಗಿ ಹೋಗುತ್ತದೆ, ಹನಿ ನೇರ ಕೆಳಗೆ ಬೀಳುತ್ತದೆ. ಗಾಳಿಗೆ ಓರೆಯಾಗಿ ಬೀಳುವ ಮಳೆಯ ಹಾಗೆ. ಹನಿ ಸ್ವಲ್ಪ ಮುಂದೆ ಹೋಗಿ ಬಿದ್ದರೂ ಪರವಾಗಿಲ್ಲ, ವೆಸೆಲ್ ಮುಗಿಯುವುದರೊಳಗೆ ಬಿದ್ದರೆ ಸಾಕು. ಹಾಗಾಗಿ ಅದೇ ವ್ಯಾಸದಲ್ಲಿ ಹೆಚ್ಚು ಗ್ಯಾಸು ಹಿಡಿಸುತ್ತದೆ. ದ್ರವದ ಮೇಲ್ಮೈ ಅಗಲ ಇರುವುದರಿಂದ ಒಳಗೆ ಸಿಕ್ಕಿಕೊಂಡ ಗ್ಯಾಸಿನ ಗುಳ್ಳೆಗೆ ಹೊರಗೆ ಬರಲು ಸುಲಭ, ನೊರೆಗೆ ಹರಡಿಕೊಂಡು ಒಡೆಯಲು ಜಾಗ.

ನೊರೆ ಅಂದೆ. ತೊಗರಿಬೇಳೆ ಬೇಯಿಸುವಾಗ ನೊರೆ ಉಕ್ಕಿ ಒಲೆಗೆ ಸುರಿಯುತ್ತದೆ ಅಂತ ಅಮ್ಮ ಒಂದು ಚಮಚ ಎಣ್ಣೆ ಹಾಕುತ್ತಿದ್ದರಲ್ವಾ? ನಾವು ಸ್ಟೇಷನ್ನಿನಲ್ಲಿ ಹಾಕುವ ಸಿಲಿಕೋನ್ ಆ್ಯಂಟಿಫೋಮ್ ಮಾಡುವುದೂ ಅದೇ ಕೆಲಸ. ಮನೆಯಲ್ಲಿ ದೊಡ್ಡ ಪಾತ್ರೆ ಇದ್ದರೆ ಎಣ್ಣೆ ಹಾಕುವ ಗೋಜಿಲ್ಲ. ಇಲ್ಲಿಯೂ ಹಾಗೆಯೇ. ನೊರೆ ಕಟ್ಟುವ ಕ್ರೂಡಿಗೆ ಬಿಗಿಯಾದ ಸಣ್ಣ ವೆಸೆಲ್ ಕೊಂಡರೆ ಉಳಿಸಿದ ದುಡ್ಡನ್ನು ವರ್ಷಾನುಗಟ್ಟಲೆ ರಾಸಾಯನಿಕದ ಡ್ರಮ್ಮಿಗೆ ಸುರಿಯುತ್ತಾ ಇರಬೇಕು.

ಮಲಗಿದ್ದರ ದೋಷ ಎರಡು. ಮರಳು ಅಡಿಯುದ್ದಕ್ಕೂ ಹಾಸಿಕೊಳ್ಳುತ್ತದೆ, ಒಂದು ಡ್ರೈನಿಗೆ ಬರುವುದಿಲ್ಲ. ಅದಕ್ಕೆ ಸುಮಾರು ಒಂದೂವರೆ ಮೀಟರಿಗೊಂದು ಡ್ರೈನ್, ಒಳಗೆ ನೀರು ಚಿಮ್ಮಿಸುವ ಸ್ಯಾಂಡ್ ಜೆಟ್ ಬೇಕು. ಎರಡನೆಯದು, ಲೆವೆಲ್ಲಿನ ಆಟಕ್ಕೆ ಜಾಗ ಕಡಿಮೆ. ಮಾಮೂಲಿ ಲೆವೆಲ್ಲಿಗೂ, ದ್ರವ ಏರಿದಾಗ ಎಲ್ಲವನ್ನೂ ತಾನಾಗಿ ನಿಲ್ಲಿಸುವ ಹೈ ಲೆವೆಲ್ ಟ್ರಿಪ್ಪಿಗೂ ನಡುವೆ ಒಂದು ಗೇಣು ಇದ್ದರೆ ಹೆಚ್ಚು. ಸ್ಲಗ್ ಬಂದಾಗ ಒಳಗೆ ಅಲೆಯೂ ಏಳುತ್ತದೆ. ಅಲೆ ತಡೆಯುವ ಬ್ಯಾಫಲ್ ಇಲ್ಲದಿದ್ದರೆ ಟ್ರಿಪ್ ಆಗಿ ಇಡೀ ಸ್ಟೇಷನ್ ನಿಲ್ಲುತ್ತದೆ. ತೇಲುವ ಹಡಗಿನ ಮೇಲೆ ಕೂರಿಸುವ ಸೆಪರೇಟರುಗಳಲ್ಲಿ ಈ ಬ್ಯಾಫಲ್‌ಗಳ ಲೆಕ್ಕವೇ ಒಂದು ದೊಡ್ಡ ಕೆಲಸ.

ಗುಂಡಗಿನ ಸೆಪರೇಟರ್ ಕೂಡ ಪುಸ್ತಕದಲ್ಲಿ ಇರುತ್ತದೆ. ಒತ್ತಡ ತಡೆಯಲು ಗೋಳದಷ್ಟು ಒಳ್ಳೆಯ ಆಕಾರ ಇಲ್ಲ, ಒಪ್ಪಿದೆ. ಲೆವೆಲ್ ಹಿಡಿಯುವುದು ಕಷ್ಟ, ಸ್ಲಗ್ಗಿಗೆ ಜಾಗ ಇಲ್ಲ, ಮಾಡುವವರೂ ಕಡಿಮೆ. ಪರೀಕ್ಷೆಗೆ ಓದಿಕೊಳ್ಳಿ, ಕೊಳ್ಳಲು ಹೋಗಬೇಡಿ.

ಗಾಜಿನಲ್ಲಿ ಕಂಡದ್ದೆಲ್ಲ ನಿಜವಲ್ಲ

ಆರಿಸುವಾಗ ಯಾರೂ ಕೇಳದ, ನಡೆಸುವಾಗ ಎಲ್ಲರೂ ಬೈಯುವ ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಲೆವೆಲ್ ಅಳೆಯುವ ವ್ಯವಸ್ಥೆ.

ನಾನು ಹಿಂದೆ ಕೆಲಸ ಮಾಡಿದ ಒಂದು ಸ್ಟೇಷನ್ನಿನಲ್ಲಿ ಮೇಣದ ಎಣ್ಣೆ ಬರುತ್ತಿತ್ತು. ಚಳಿಗಾಲದ ಒಂದು ರಾತ್ರಿ, ಮಲಗಿದ ಸೆಪರೇಟರಿನ ಸೈಟ್ ಗ್ಲಾಸಿನಲ್ಲಿ ಲೆವೆಲ್ ಸರಿಯಾಗಿ ಅರ್ಧಕ್ಕೆ ನಿಂತಿತ್ತು. ಪಾಳಿಯವರು ಪ್ರತಿ ಗಂಟೆಗೂ ಪುಸ್ತಕದಲ್ಲಿ ಅರ್ಧ, ಅರ್ಧ, ಅರ್ಧ ಅಂತ ಬರೆದುಕೊಂಡಿದ್ದರು. ಮೂರು ಗಂಟೆ ಹೊತ್ತಿಗೆ ಬೇಡದ ಗ್ಯಾಸು ಉರಿಸುವ ಫ್ಲೇರಿನಿಂದ ಉರಿಯುವ ಎಣ್ಣೆ ಹನಿಹನಿಯಾಗಿ ನೆಲಕ್ಕೆ ಬೀಳತೊಡಗಿತು. ಗಾಜಿನ ಕೆಳಗಿನ ಕನೆಕ್ಷನ್ನು ಮೇಣದಿಂದ ಮುಚ್ಚಿಹೋಗಿ, ಗಾಜಿನೊಳಗಿನ ಎಣ್ಣೆ ಹಾಗೇ ಹೆಪ್ಪುಗಟ್ಟಿತ್ತು. ವೆಸೆಲ್ ತುಂಬಿ ಎಣ್ಣೆ ಗ್ಯಾಸ್ ಲೈನಿಗೆ ಹೋಗುತ್ತಿತ್ತು. ಅವತ್ತಿನಿಂದ ನನಗೊಂದು ಅಭ್ಯಾಸ: ಗಾಜಿನಲ್ಲಿ ಲೆವೆಲ್ ಒಂಚೂರೂ ಅಲುಗಾಡದೆ ನಿಂತಿದ್ದರೆ ಕೆಳಗಿನ ಡ್ರೈನ್ ಕಾಕ್ ತಿರುಗಿಸಿ ನೋಡುತ್ತೇನೆ. ಕೆಲಸ ಮಾಡುತ್ತಿರುವ ಸೆಪರೇಟರಿನ ಲೆವೆಲ್ ಸ್ವಲ್ಪವಾದರೂ ನಡುಗುತ್ತಿರುತ್ತದೆ.

ಇದು ಸಣ್ಣ ವಿಷಯ ಅಲ್ಲ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯ ರಿಫೈನರಿಯಲ್ಲಿ ಒಂದು ಟವರ್ ತುಂಬಿ ಉಕ್ಕಿ 15 ಜನ ಸತ್ತರು. ಟವರ್ ತುಂಬುತ್ತಾ ಹೋದರೂ ಅದರ ಲೆವೆಲ್ ಮೀಟರ್ ದ್ರವ ಇಳಿಯುತ್ತಿದೆ ಅಂತ ತೋರಿಸುತ್ತಿತ್ತು. ಹಾಗಾಗಿ ನಿಂತದ್ದೋ ಮಲಗಿದ್ದೋ ಯಾವುದನ್ನೇ ಕೊಳ್ಳಿ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಬಗೆಯ ಲೆವೆಲ್ ಅಳತೆ ಕೇಳಿ. ಎರಡೂ ಒಂದೇ ಕನೆಕ್ಷನ್ನಿನಿಂದ ಹೊರಟಿದ್ದರೆ ಅದು ಎರಡಲ್ಲ, ಒಂದೇ.

ಎರಡು ಫೇಸೋ, ಮೂರೋ

ಟು ಫೇಸ್ ಅಂದರೆ ಗ್ಯಾಸು ಒಂದು ಕಡೆ, ಎಣ್ಣೆ ನೀರು ಕೂಡಿ ಇನ್ನೊಂದು ಕಡೆ. ತ್ರೀ ಫೇಸ್ ಆದರೆ ನೀರನ್ನೂ ಅಲ್ಲೇ ಬೇರೆ ಮಾಡಿ ಬಿಡುತ್ತದೆ. ಬೇಡದ ನೀರನ್ನು ಮೊದಲೇ ಬಿಟ್ಟರೆ ಮುಂದಿನ ಪಂಪು, ಹೀಟರು ಎಲ್ಲ ಸಣ್ಣದಾಗುತ್ತವೆ. ನೀರು ಬಿಸಿಯಾಗಲು ಅದೇ ತೂಕದ ಎಣ್ಣೆಗಿಂತ ಸುಮಾರು ಎರಡು ಪಟ್ಟು ಶಾಖ ಕುಡಿಯುತ್ತದೆ. ಚೆಲ್ಲಲಿರುವ ನೀರನ್ನು ಕಾಯಿಸಿ ಚೆಲ್ಲುವುದು ಯಾವ ಲೆಕ್ಕ?

ಹಾಗಾದರೆ ಎಲ್ಲ ಕಡೆ ತ್ರೀ ಫೇಸೇ ಹಾಕಬಹುದಲ್ಲ ಅಂದರೆ, ಆಗುವುದಿಲ್ಲ. ನೀರು ಬೇರೆಯಾಗಲು ಸಮಯ ಬೇಕು. ಎಪಿಐ 12ಜೆ ಎಂಬ ಅಮೆರಿಕದ ತೈಲ ಉದ್ಯಮದ ಮಾನಕ ಹೇಳುವ ಲೆಕ್ಕ ನೋಡಿ. ಟು ಫೇಸಿನಲ್ಲಿ 35 ಎಪಿಐಗಿಂತ ಹಗುರಾದ ಎಣ್ಣೆಗೆ ಒಂದು ನಿಮಿಷ ಸಾಕು. ಅದೇ ಎಣ್ಣೆಗೆ ತ್ರೀ ಫೇಸಿನಲ್ಲಿ ಮೂರರಿಂದ ಐದು ನಿಮಿಷ. ಅದಕ್ಕಿಂತ ಭಾರದ ಎಣ್ಣೆ ಸುಮಾರು 38 ಡಿಗ್ರಿಗಿಂತ ಹೆಚ್ಚು ಬಿಸಿಯಾಗಿದ್ದರೆ ಐದರಿಂದ ಹತ್ತು ನಿಮಿಷ, ತಣ್ಣಗೆ 16 ಡಿಗ್ರಿ ಆಸುಪಾಸಿನಲ್ಲಿದ್ದರೆ 20ರಿಂದ 30 ನಿಮಿಷ. 35 ಎಪಿಐ ಅಂದೆನಲ್ಲ, ಆ ಎಪಿಐ ಅಂದರೆ ಎಣ್ಣೆ ಎಷ್ಟು ಹಗುರ ಅನ್ನುವ ಅಳತೆ. ನೀರಿಗೆ 10, ಹಗುರಾದಷ್ಟೂ ಅಂಕಿ ಹೆಚ್ಚು. ಮೆಹ್ಸಾಣಾದ ಬಲೋಲ್, ಸಾಂಥಾಲ್ ಕಡೆಯ ಭಾರದ ಎಣ್ಣೆಯಂಥದ್ದಕ್ಕೆ ತಣ್ಣಗಿರುವಾಗ ತ್ರೀ ಫೇಸ್ ಕೊಂಡರೆ ಮೂರನೇ ಫೇಸಿಗೆ ಕೊಟ್ಟ ದುಡ್ಡು ದಂಡ. ನೀರು ಎಣ್ಣೆಯ ಹೊಟ್ಟೆಯಲ್ಲೇ ಇರುತ್ತದೆ, ಕೆಳಗೆ ಇಳಿಯುವುದೇ ಇಲ್ಲ.

ತ್ರೀ ಫೇಸಿನೊಳಗೂ ಎರಡು ದಾರಿ ಇದೆ. ಒಂದರಲ್ಲಿ ಎಣ್ಣೆ ನೀರಿನ ನಡುವಿನ ಗೆರೆಯನ್ನು, ಅಂದರೆ ಇಂಟರ್‌ಫೇಸನ್ನು, ಒಂದು ಸಾಧನ ಅಳೆದು ನೀರಿನ ವಾಲ್ವನ್ನು ತೆರೆಯುತ್ತದೆ, ಮುಚ್ಚುತ್ತದೆ. ಹರಿವು ಬದಲಾದಾಗ ಗೆರೆಯನ್ನು ಬೇಕಾದಲ್ಲಿಗೆ ಏರಿಸಬಹುದು, ಇಳಿಸಬಹುದು. ಗೆರೆ ಸ್ಪಷ್ಟವಾಗಿದ್ದರೆ ಬಹಳ ಚೆಂದ. ನಡುವೆ ಗಟ್ಟಿ ಎಮಲ್ಷನ್ ಪದರ, ಅಂದರೆ ಎಣ್ಣೆ ನೀರು ಬಿಡಿಸಲಾಗದಂತೆ ಬೆರೆತದ್ದು, ಕೂತರೆ ಸಾಧನಕ್ಕೆ ಗೆರೆ ಎಲ್ಲಿದೆ ಅಂತಲೇ ತಿಳಿಯುವುದಿಲ್ಲ.

ಇನ್ನೊಂದು ಬಕೆಟ್ ಮತ್ತು ವಿಯರ್. ಎಣ್ಣೆ ಒಂದು ತಡೆಗೋಡೆ ದಾಟಿ ಬಕೆಟ್ಟಿಗೆ ಬೀಳುತ್ತದೆ. ನೀರು ಬಕೆಟ್ಟಿನ ಅಡಿಯಿಂದ ನುಸುಳಿ ಆಚೆಗಿರುವ ಇನ್ನೊಂದು, ಸ್ವಲ್ಪ ತಗ್ಗಿನ ಗೋಡೆ ದಾಟುತ್ತದೆ. ಇಂಟರ್‌ಫೇಸ್ ಅಳೆಯುವ ಸಾಧನವೇ ಬೇಡ, ಗೋಡೆಗಳ ಎತ್ತರವೇ ಗೆರೆಯನ್ನು ಹಿಡಿದಿಡುತ್ತದೆ. ನನಗೆ ಇದರ ಮೇಲೆ ಒಲವು ಜಾಸ್ತಿ, ಮರೆಮಾಚುವುದಿಲ್ಲ. ಆದರೆ ಒಂದು ಲೆಕ್ಕ ಮಾಡಿ ನೋಡಿ. ಎಣ್ಣೆಯ ಪದರ 45 ಸೆಂ.ಮೀ. ಇರಲಿ ಅಂತ ಇಟ್ಟುಕೊಳ್ಳಿ. ನೀರಿನ ಸಾಂದ್ರತೆ ಘನ ಮೀಟರಿಗೆ 1020 ಕೆ.ಜಿ., ಎಣ್ಣೆಯದು 850. ಆಗ ಎರಡು ಗೋಡೆಗಳ ಎತ್ತರದ ವ್ಯತ್ಯಾಸ 45ನ್ನು (1 − 850/1020) ಇಂದ ಗುಣಿಸಿದಷ್ಟು, ಅಂದರೆ 7.5 ಸೆಂ.ಮೀ. ಸರಿ, ಹಿಡಿಯಬಹುದು. ಈಗ ಎಣ್ಣೆ ಭಾರದ್ದು, 950 ಅನ್ನಿ. ವ್ಯತ್ಯಾಸ 3 ಸೆಂ.ಮೀ.ಗೆ ಇಳಿಯಿತು! ಅಡಿಪಾಯ ಒಂದು ಕಡೆ ಎರಡು ಸೆಂ.ಮೀ. ಕುಸಿದರೆ ಸಾಕು, ಎಣ್ಣೆಗೆ ನೀರು ಅಥವಾ ನೀರಿಗೆ ಎಣ್ಣೆ ಸೇರುತ್ತದೆ. ಅದಕ್ಕೇ ನೀರಿನ ಗೋಡೆಯನ್ನು ಮೇಲೆ ಕೆಳಗೆ ಸರಿಸುವಂತೆ ಮಾಡಿಸಿಕೊಳ್ಳಬೇಕು. ಬಕೆಟ್ಟು ಒಳಗಿನ ಜಾಗವನ್ನು ನುಂಗುತ್ತದೆ ಅನ್ನುವುದೂ ನಿಜ.

ಮತ್ತೆ ನೀರಿಗೆ ಬಂದೆ

ದಿನಕ್ಕೆ 800 ಘನ ಮೀಟರ್ ದ್ರವ, ಅಂದರೆ ಸುಮಾರು 5,000 ಬ್ಯಾರಲ್ ಬರುವ ಸ್ಟೇಷನ್ ತೆಗೆದುಕೊಳ್ಳಿ. ನಿಮಿಷಕ್ಕೆ 0.56 ಘನ ಮೀಟರ್. ಹತ್ತು ನಿಮಿಷ ನಿಲ್ಲಬೇಕಾದರೆ 5.6 ಘನ ಮೀಟರ್ ದ್ರವಕ್ಕೆ ಜಾಗ ಬೇಕು. ಮಲಗಿದ ವೆಸೆಲ್ಲಿನಲ್ಲಿ ಅರ್ಧ ದ್ರವ, ಅರ್ಧ ಗ್ಯಾಸು ಅಂದರೆ ಒಂದೂವರೆ ಮೀಟರ್ ವ್ಯಾಸ, ಕೆಲಸಕ್ಕೆ ಬರುವ ಉದ್ದ 6.3 ಮೀಟರ್ ಆಗುತ್ತದೆ. ಉದ್ದ ವ್ಯಾಸದ ನಾಲ್ಕು ಪಟ್ಟು ಆಸುಪಾಸು, ಒಳ್ಳೆಯ ಮೈಕಟ್ಟು. ಅದೇ ವ್ಯಾಸದ ನಿಂತ ವೆಸೆಲ್ಲಿನಲ್ಲಿ ಬರೀ ದ್ರವವೇ ಮೂರು ಮೀಟರ್ ದಾಟುತ್ತದೆ. ಮೇಲೆ ಗ್ಯಾಸಿಗೆ, ಸಣ್ಣ ಹನಿ ಹಿಡಿಯುವ ಮಿಸ್ಟ್ ಪ್ಯಾಡಿಗೆ ಜಾಗ ಸೇರಿಸಿದರೆ ಎರಡಂತಸ್ತಿನ ಮನೆಯಷ್ಟು ಎತ್ತರ. ಹೀಗಾಗಿ ತ್ರೀ ಫೇಸ್ ಬೇಕು ಅಂದಕೂಡಲೇ ಸಾಮಾನ್ಯವಾಗಿ ಮಲಗಿದ್ದೇ ಗೆಲ್ಲುತ್ತದೆ.

ಈಗ ಕಾಲ ಮುಂದೆ ಹೋಗಲಿ. ಬಾವಿ ಹಳೆಯದಾಯಿತು, ಒತ್ತಡ ಕಾಯಲು ನೀರು ಇಂಜೆಕ್ಟ್ ಮಾಡಿದ್ದೀರಿ, ಆ ನೀರು ಬಾವಿಗೆ ವಾಪಸ್ ಬರುತ್ತಿದೆ. ಎಣ್ಣೆಯನ್ನು ಅಷ್ಟೇ ಇಟ್ಟುಕೊಳ್ಳಬೇಕು ಅಂತ ಪಂಪು ದೊಡ್ಡದು ಮಾಡಿದಿರಿ. ಒಟ್ಟು ದ್ರವ ದಿನಕ್ಕೆ 1,300 ಘನ ಮೀಟರ್ ಆಯಿತು. ಅದೇ ವೆಸೆಲ್ಲಿನಲ್ಲಿ ಈಗ ಸಿಗುವ ಸಮಯ ಆರು ನಿಮಿಷ ಚಿಲ್ಲರೆ. ಹತ್ತು ನಿಮಿಷಕ್ಕೆ ಅಂತ ಮಾಡಿದ್ದು ಆರು ನಿಮಿಷಕ್ಕೆ ಬಂತು. ಎಣ್ಣೆ ಕಡಿಮೆಯಾಗುತ್ತಾ ಹೋಗುವ ಬಾವಿಗೆ ದೊಡ್ಡ ವೆಸೆಲ್ ಏಕೆ ಅಂತ ಹಣಕಾಸಿನವರು ಕೇಳುತ್ತಾರೆ. ಎಣ್ಣೆ ಕಡಿಮೆಯಾಗುತ್ತದೆ, ದ್ರವ ಆಗುವುದಿಲ್ಲ. ಈ ಒಂದು ವಾಕ್ಯವನ್ನು ಫೈಲಿನ ಮೊದಲ ಪುಟದಲ್ಲೇ ಬರೆದಿಡಿ.

ಬಜೆಟ್ ಬಿಗಿಯಿದ್ದರೆ? ಇವತ್ತೇ ದೊಡ್ಡದನ್ನು ಕೊಳ್ಳಲೇಬೇಕು ಅಂತೇನಿಲ್ಲ. ಈಗ ಒಂದು ಕೊಂಡು, ಪಕ್ಕದಲ್ಲಿ ಅದೇ ಅಳತೆಯ ಇನ್ನೊಂದಕ್ಕೆ ಅಡಿಪಾಯದ ಜಾಗ ಬಿಟ್ಟು, ಹೆಡರಿನಲ್ಲಿ ವಾಲ್ವ್ ಹಾಕಿ ಬ್ಲೈಂಡ್ ಫ್ಲಾಂಜ್, ಅಂದರೆ ತೂತಿಲ್ಲದ ಮುಚ್ಚಳ, ಹಾಕಿಟ್ಟರೆ ಸಾಕು. ಎರಡು ವೆಸೆಲ್ ಇದ್ದರೆ ಒಂದನ್ನು ನಿಲ್ಲಿಸಿ ಮರಳು ತೆಗೆಯುವಾಗ ಬಾವಿಗಳನ್ನೆಲ್ಲ ಮುಚ್ಚಬೇಕಾಗಿಲ್ಲ. ಬಾವಿ ಎಷ್ಟು ದಿನ ಬಾಳುತ್ತದೆ ಅಂತಲೇ ಗೊತ್ತಿಲ್ಲದ ಹೊಸ ಜಾಗದಲ್ಲಾದರೆ ಸ್ಕಿಡ್ ಮೇಲೆ, ಅಂದರೆ ಎತ್ತಿ ಸಾಗಿಸುವ ಕಬ್ಬಿಣದ ಚೌಕಟ್ಟಿನ ಮೇಲೆ, ಕೂರಿಸಿದ ಸೆಟ್ಟನ್ನು ಬಾಡಿಗೆಗೆ ತನ್ನಿ. ತಿಂಗಳ ಬಾಡಿಗೆ ನೋಡಿ ಎದೆ ಧಸಕ್ಕೆನ್ನುತ್ತದೆ. ಆದರೆ ತಪ್ಪು ಅಳತೆಯ ವೆಸೆಲ್ ಕೊಂಡು ಹತ್ತು ವರ್ಷ ಸಹಿಸಿಕೊಳ್ಳುವುದಕ್ಕಿಂತ ಆರು ತಿಂಗಳು ಬಾವಿಯ ನಿಜ ಗುಣ ನೋಡಿ ಆಮೇಲೆ ಕೊಳ್ಳುವುದು ಅಗ್ಗ.

ಒಂದೇ ಸಲಕ್ಕೋ, ಹಂತ ಹಂತವಾಗೋ

ಗೋಲಿಸೋಡಾ ಒಡೆದ ತಕ್ಷಣ ಭುಸ್ಸೆಂದು ಅರ್ಧ ಸೋಡಾ ಕೈಮೇಲೆ ಚೆಲ್ಲುತ್ತದೆ. ನಿಧಾನವಾಗಿ ಬಿಟ್ಟರೆ ಬಾಟಲಿಯಲ್ಲೇ ಉಳಿಯುತ್ತದೆ. ಹೆಚ್ಚು ಒತ್ತಡದ ಬಾವಿಯ ಎಣ್ಣೆಯನ್ನು ಒಂದೇ ಏಟಿಗೆ ಟ್ಯಾಂಕಿನ ಒತ್ತಡಕ್ಕೆ ಇಳಿಸಿದರೆ ಗ್ಯಾಸಿನ ಜೊತೆ ಎಣ್ಣೆಯ ಹಗುರ ಭಾಗವೂ ಹಾರಿಹೋಗುತ್ತದೆ. ಎರಡು ಮೂರು ಹಂತದಲ್ಲಿ ಇಳಿಸಿದರೆ ಅದೇ ಬಾವಿಯಿಂದ ಟ್ಯಾಂಕಿಗೆ ಹೆಚ್ಚು ಎಣ್ಣೆ ಬರುತ್ತದೆ. ಬಾವಿಯ ಒತ್ತಡ ಮೊದಲೇ ಕಡಿಮೆ ಇದ್ದರೆ ಒಂದು ಹಂತ, ಮುಂದೆ ಟ್ಯಾಂಕು, ಅಷ್ಟೇ ಸಾಕು. ನಾಲ್ಕು ಹಂತ ದಾಟಿದರೆ ಸಿಗುವ ಲಾಭ ಕಬ್ಬಿಣದ ಬೆಲೆಗೆ ಸಾಲುವುದಿಲ್ಲ.

ಎಮಲ್ಷನ್ ಒಡೆಯಲು ಮೂರು ದಾರಿ

ಸೆಪರೇಟರ್ ದಾಟಿದ ಎಣ್ಣೆಯಲ್ಲಿ ಇನ್ನೂ ಕೂದಲೆಳೆಗಿಂತ ಸಣ್ಣ ನೀರಿನ ಹನಿಗಳು ಉಳಿದಿರುತ್ತವೆ. ಕೊಳ್ಳುವವರು ಸಾಮಾನ್ಯವಾಗಿ ನೀರು ಮತ್ತು ಕೆಸರು ಸೇರಿ ಅರ್ಧದಿಂದ ಒಂದು ಶೇಕಡಾ ಒಳಗೆ ಇರಬೇಕು ಅನ್ನುತ್ತಾರೆ. ಹನಿ ಬೀಳುವ ವೇಗ ಮೂರರ ಮೇಲೆ ನಿಂತಿದೆ: ಹನಿಯ ಗಾತ್ರ, ಎಣ್ಣೆ ನೀರಿನ ತೂಕದ ವ್ಯತ್ಯಾಸ, ಎಣ್ಣೆಯ ಜಿಗುಟು. ಹನಿ ಎರಡು ಪಟ್ಟಾದರೆ ವೇಗ ನಾಲ್ಕು ಪಟ್ಟು. ಹಾಗಾಗಿ ಆಟವೆಲ್ಲ ಹನಿಗಳನ್ನು ಕೂಡಿಸುವುದರಲ್ಲಿದೆ. ಬೆಣ್ಣೆ ಕಡೆಯುವವರಿಗೆ ಇದು ಗೊತ್ತು. ಚಳಿಯಲ್ಲಿ ಎಷ್ಟು ಕಡೆದರೂ ಬೆಣ್ಣೆ ಕೂಡುವುದಿಲ್ಲ, ಒಂದು ಲೋಟ ಬಿಸಿನೀರು ಬಿಟ್ಟರೆ ಕೂಡಿಬರುತ್ತದೆ.

ಅತಿ ಅಗ್ಗದ್ದು ವಾಶ್ ಟ್ಯಾಂಕ್. ಹಳಬರು ಗನ್ ಬ್ಯಾರಲ್ ಅನ್ನುತ್ತಾರೆ. ಎತ್ತರದ ಟ್ಯಾಂಕಿನಲ್ಲಿ ಕೆಳಗೆ ನೀರು, ಅದರೊಳಗಿಂದ ಎಣ್ಣೆ ತೊಳೆದುಕೊಂಡು ಮೇಲೇಳುತ್ತದೆ. ಗಂಟೆಗಟ್ಟಲೆ ಸಮಯ ಕೊಡುತ್ತದೆ, ಇಂಧನ ಬೇಡ, ಕೆಟ್ಟುಹೋಗುವ ಭಾಗಗಳಿಲ್ಲ. ಜಾಗ ಬೇಕು, ಬಿಸಿ ಪ್ರದೇಶದ ಹಗುರ ಎಣ್ಣೆ ಇರಬೇಕು. ಹೀಗಿದ್ದರೆ ಬೇರೆ ಏನೂ ನೋಡಬೇಡಿ.

ಹೀಟರ್ ಟ್ರೀಟರ್ ನಮ್ಮ ದೇಶದ ಜಮೀನಿನ ಮೇಲಿನ ಕ್ಷೇತ್ರಗಳ ದುಡಿಯುವ ಎತ್ತು. ಒಳಗೆ ಫೈರ್ ಟ್ಯೂಬ್, ಬಾವಿಯದೇ ಗ್ಯಾಸಿನಲ್ಲಿ ಉರಿಯುತ್ತದೆ. ಎಣ್ಣೆ 50ರಿಂದ 80 ಡಿಗ್ರಿ ಆಸುಪಾಸು ಬಿಸಿಯಾಗಿ ಜಿಗುಟು ಇಳಿಯುತ್ತದೆ. ಕಾಯಿಸಿದಷ್ಟೂ ಹಗುರ ಭಾಗ ಆವಿಯಾಗಿ ಎಣ್ಣೆಯ ಅಳತೆ ಕುಗ್ಗುತ್ತದೆ, ಇದು ಯಾರೂ ಬಿಲ್ಲಿನಲ್ಲಿ ಬರೆಯದ ನಷ್ಟ. ಇನ್ನೊಂದು, ಫೈರ್ ಟ್ಯೂಬಿನ ಮೇಲೆ ಉಪ್ಪು ಮರಳು ಗಟ್ಟಿಯಾಗಿ ಕಟ್ಟಿಕೊಂಡರೆ ಆ ಜಾಗ ಕೆಂಪಗೆ ಕಾದು ತೂತಾಗುತ್ತದೆ. ಒಳಗೆ ಬೆಂಕಿ, ಹೊರಗೆ ಎಣ್ಣೆ. ವರ್ಷಕ್ಕೊಮ್ಮೆ ಬಿಚ್ಚಿ ನೋಡುವ ಶಿಸ್ತಿಲ್ಲದ ಕಡೆ ನಾನು ಇದನ್ನು ಹೇಳುವುದಿಲ್ಲ.

ಮೂರನೆಯದು ಎಲೆಕ್ಟ್ರೋಸ್ಟ್ಯಾಟಿಕ್. ಒಳಗಿನ ಜಾಲರಿಗೆ ಹತ್ತಾರು ಸಾವಿರ ವೋಲ್ಟ್ ಕೊಟ್ಟರೆ ನೀರಿನ ಹನಿಗಳು ಒಂದನ್ನೊಂದು ಸೆಳೆದು ಕೂಡುತ್ತವೆ. ಶಾಖ ಕಡಿಮೆ ಸಾಕು, ಜಾಗ ಕಡಿಮೆ, ಭಾರದ ಎಣ್ಣೆಗೂ ಒಗ್ಗುತ್ತದೆ. ಮುಂಬೈ ಹೈ ಕಡೆಯಂಥ ಸಮುದ್ರದ ಪ್ಲಾಟ್‌ಫಾರ್ಮುಗಳಲ್ಲಿ ಒಂದೊಂದು ಚದರ ಮೀಟರಿಗೂ ಬೆಲೆ ಇರುವುದರಿಂದ ಇಂಥದ್ದರ ಕಡೆ ವಾಲುತ್ತಾರೆ. ಆದರೆ ಬೆಲೆ ಜಾಸ್ತಿ, ನೆಚ್ಚಿಕೊಳ್ಳುವ ಕರೆಂಟು ಬೇಕು. ನೀರಿನ ಸ್ಲಗ್ ಜಾಲರಿಯವರೆಗೆ ಬಂದರೆ ಶಾರ್ಟ್ ಆಗಿ ಟ್ರಿಪ್. ಒಳಗೆ ಗ್ಯಾಸೂ ಉಳಿಯಬಾರದು. ಅಂದರೆ ಹಿಂದಿನ ಸೆಪರೇಟರ್ ತನ್ನ ಕೆಲಸ ಸರಿಯಾಗಿ ಮಾಡಿರಬೇಕು.

ಯಾವುದನ್ನು ಆರಿಸುವ ಮೊದಲೂ ಬಾಟಲ್ ಟೆಸ್ಟ್ ಮಾಡಿಸಿ. ಬಾವಿ ಬಾಯಿಂದ ಹೊಸದಾಗಿ ಹಿಡಿದ ಎಮಲ್ಷನ್ನನ್ನು 100 ಮಿ.ಲೀ. ಗೆರೆ ಇರುವ ಬಾಟಲಿಗಳಿಗೆ ಹಾಕಿ, ಒಂದೊಂದಕ್ಕೆ ಒಂದೊಂದು ಡಿಮಲ್ಸಿಫೈಯರ್, ಅಂದರೆ ಎಮಲ್ಷನ್ ಒಡೆಯುವ ರಾಸಾಯನಿಕ, ಹನಿಸಿ, ಕುಲುಕಿ, ಬಿಸಿನೀರಿನಲ್ಲಿ ನಿಲ್ಲಿಸಿ. ಐದು, ಹತ್ತು, ಮೂವತ್ತು ನಿಮಿಷಕ್ಕೆ ಕೆಳಗೆ ಎಷ್ಟು ನೀರು ಬಿತ್ತು, ಅದು ತಿಳಿಯಾಗಿದೆಯಾ, ನಡುವಿನ ಕಂದು ಪದರ ತೆಳ್ಳಗಿದೆಯಾ ಅಂತ ಬರೆದುಕೊಳ್ಳಿ. ವಾರಗಟ್ಟಲೆ ಕ್ಯಾನಿನಲ್ಲಿ ಇಟ್ಟ ಸ್ಯಾಂಪಲ್ಲಿನಲ್ಲಿ ಮಾಡಿದರೆ ಸುಮ್ನೆ ಟೈಮ್ ವೇಸ್ಟು, ಎಮಲ್ಷನ್ ಹಳೆಯದಾದಷ್ಟೂ ಗಟ್ಟಿಯಾಗುತ್ತದೆ. 40 ಡಿಗ್ರಿಯಲ್ಲೇ ನೀರು ಚೆನ್ನಾಗಿ ಇಳಿದರೆ ನಿಮಗೆ ದುಬಾರಿ ಟ್ರೀಟರ್ ಬೇಕಾಗಿಲ್ಲ.

ನಿಮ್ಮ ಬಾವಿ ಯಾವ ಜಾತಿ?

ಭಾರದ ಎಣ್ಣೆ, ಗ್ಯಾಸು ಕಡಿಮೆ, ಮರಳು ಜಾಸ್ತಿ, ಬಜೆಟ್ ಸಣ್ಣದು. ನಿಂತ ಟು ಫೇಸ್ ಸಾಕು, ಉಳಿದ ದುಡ್ಡನ್ನು ಒಳ್ಳೆಯ ಹೀಟರ್ ಟ್ರೀಟರಿಗೆ ಹಾಕಿ. ಹಗುರ ಎಣ್ಣೆ, ಹದವಾದ ಗ್ಯಾಸು, ಮುಂದೆ ವಾಟರ್ ಇಂಜೆಕ್ಷನ್ ಬರುವುದು ಖಚಿತ ಅಂದರೆ ಮಲಗಿದ ತ್ರೀ ಫೇಸ್, ಹತ್ತನೇ ವರ್ಷದ ದ್ರವದ ಲೆಕ್ಕಕ್ಕೆ. ಗ್ಯಾಸಿನ ಬಾವಿ, ಜೊತೆಗೆ ಸ್ವಲ್ಪ ಕಂಡೆನ್ಸೇಟ್ (ಗ್ಯಾಸಿನಿಂದ ಇಳಿಯುವ ಹಗುರ ಎಣ್ಣೆ) ಮಾತ್ರ ಅಂದರೆ ನಿಂತ ಸ್ಕ್ರಬ್ಬರ್. ಲೈನು ಉದ್ದವಿದ್ದರೆ ಮುಂದೆ ಒಂದು ಸ್ಲಗ್ ಕ್ಯಾಚರ್. ನೊರೆಯ ಎಣ್ಣೆಯಾದರೆ ಎರಡನೇ ಯೋಚನೆ ಬೇಡ, ಮಲಗಿದ್ದು.

ಮೇಣದ ಎಣ್ಣೆಯದ್ದು ಬೇರೆಯೇ ಕಥೆ. ರಾಜಸ್ಥಾನದ ಬಾಡಮೇರಿನ ಮಂಗಲಾ ಕ್ಷೇತ್ರ ಸಿಕ್ಕಿದ್ದು 2004ರಲ್ಲಿ, ಎಣ್ಣೆ ಹೊರಬಂದದ್ದು 2009ರಲ್ಲಿ. ಆ ಎಣ್ಣೆ ಮಾಮೂಲಿ ಉಷ್ಣತೆಯಲ್ಲಿ ತುಪ್ಪದ ಹಾಗೆ ಹೆಪ್ಪುಗಟ್ಟುತ್ತದೆ. ಗುಜರಾತಿನ ಕರಾವಳಿಗೆ ಸಾಗಿಸಲು ದಾರಿಯುದ್ದಕ್ಕೂ ಕಾಯಿಸುತ್ತಲೇ ಇರುವ, ಕಂಬಳಿ ಹೊದಿಸಿದ ನೂರಾರು ಕಿಲೋಮೀಟರ್ ಪೈಪ್‌ಲೈನನ್ನೇ ಹಾಕಬೇಕಾಯಿತು. ಇಂಥ ಕಡೆ ನಿಂತದ್ದೋ ಮಲಗಿದ್ದೋ ಅನ್ನುವುದು ಎರಡನೇ ಪ್ರಶ್ನೆ. ಮೊದಲನೆಯದು, ಸೈಟ್ ಗ್ಲಾಸಿನ ಸಣ್ಣ ಪೈಪಿನಿಂದ ಹಿಡಿದು ಡ್ರೈನ್ ಲೈನಿನವರೆಗೆ ಎಲ್ಲಕ್ಕೂ ಬಿಸಿ ಸುತ್ತಿದ್ದೀರಾ? ವೆಸೆಲ್ಲಿಗೆ ಸುತ್ತಿ, ಅರ್ಧ ಇಂಚಿನ ಪೈಪನ್ನು ಬಿಟ್ಟವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಕೊನೆಗೆ ಆರ್ಡರಿಗೆ ಸಹಿ ಹಾಕುವ ದಿನ ಡ್ರಾಯಿಂಗಿನ ನಾಝಲ್, ಅಂದರೆ ಪೈಪು ಜೋಡಿಸುವ ಬಾಯಿಗಳ, ಪಟ್ಟಿ ತೆಗೆದು ನೋಡಿ. ಬಳಕೆಗಿಲ್ಲದ ಎರಡು ಮೂರು ನಾಝಲ್, ಬ್ಲೈಂಡ್ ಹಾಕಿ, ಸೇರಿಸಲು ಹೇಳಿ. ಒಂದು ಕೆಳಗೆ ನೀರಿನ ಕಡೆ, ಒಂದು ಮಧ್ಯೆ ಇಂಟರ್‌ಫೇಸಿನ ಎತ್ತರಕ್ಕೆ. ವೆಸೆಲ್ ಮಾಡುವಾಗ ಇದರ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಆರನೇ ವರ್ಷ ನೀರು ಜಾಸ್ತಿಯಾಗಿ ಟು ಫೇಸನ್ನು ತ್ರೀ ಫೇಸ್ ಮಾಡೋಣ ಅಂತ ಹೊರಟಾಗ ನಾಝಲ್ ಇಲ್ಲದಿದ್ದರೆ ವೆಸೆಲ್ ಖಾಲಿ ಮಾಡಿ, ಗ್ಯಾಸು ತೆಗೆದು, ಒಳಗೆ ತೊಳೆದು, ವೆಲ್ಡಿಂಗ್ ಪರ್ಮಿಟ್ ಹಿಡಿದು, ಮತ್ತೆ ನೀರಿನ ಒತ್ತಡದ ಪರೀಕ್ಷೆ ಮಾಡಿಸುವಷ್ಟರಲ್ಲಿ ವಾರಗಳು ಕಳೆಯುತ್ತವೆ. ನಾಝಲ್ ಇದ್ದರೆ ಬ್ಲೈಂಡ್ ಬಿಚ್ಚಿದರಾಯಿತು.